ಜೋಳದ ಕಾಳಿನಷ್ಟು ಸಂಗವ್ವ

ಬಾದಾಮಿಯಲ್ಲಿ ಕಣ್ಣಿರುವವನು ತಾನೊಬ್ಬನೇ, ಉಳಿದವರೆಲ್ಲ ಬರೀ ರೆಪ್ಪೆ ಬಡಿಯುವವರು ಎಂಬುದು ಅಂದಪ್ಪನ ಬಹುದಿನದ ಕೊರಗು. ಸಂಜೆಯ ಬಿಸಿಲು ಕೆಂಪು ಬಂಡೆಗಳ ಮೇಲೆ ಅರಿಸಿನ ಚೆಲ್ಲಿದ ಹಾಗೆ ಹರಡಿದಾಗ ಊರಿನ ಜನ ಏನು ಮಾಡುತ್ತಿದ್ದರು? ಎಮ್ಮೆ ಹಿಂಡುತ್ತಿದ್ದರು. ಅಂದಪ್ಪ ಹಾಗಲ್ಲ. ಬಜಾರದ ತನ್ನ ಅಂಗಡಿಯಲ್ಲಿ ಗಿರಾಕಿಯ ಮುಂದೆ ಅರ್ಧ ಬಿಚ್ಚಿದ ಇಳಕಲ್ಲ ಸೀರೆಯನ್ನು ಹಾಗೆಯೇ ಬಿಟ್ಟು, ಮುಕ್ಕಾಲಿಯನ್ನು ಹೆಗಲಿಗೇರಿಸಿ, ಕ್ಯಾಮೆರಾದ ಪೆಟ್ಟಿಗೆಯನ್ನು ಬಗಲಲ್ಲಿ ಅವುಚಿಕೊಂಡು ಕೆರೆಯ ಕಡೆ ಓಡುತ್ತಿದ್ದ. (ಗಿರಾಕಿಗಳು ಸೀರೆಯನ್ನು ತಾವೇ ಮಡಚಿಟ್ಟು ಹೋಗಬೇಕು. ಮಡಚುವ ಬೇಸರಕ್ಕೆ ಹೆಗಲ ಮೇಲೆ ಹಾಕಿಕೊಂಡೇ ಹೋದವರೂ ಇದ್ದರು.)

ರಾಣಿಯ ಮುಖದ ರೂಪಾಯಿ ಸವೆದು, ಕಿರೀಟವಿಲ್ಲದ ರಾಜನ ರೂಪಾಯಿ ಆಗತಾನೇ ಕೈಗೆ ಬರುತ್ತಿದ್ದ ಕಾಲ. ಗುಹೆಗಳ ಅಳತೆ ತೆಗೆಯಲು ಬಂದು ಬಂಗಲೆಯಲ್ಲಿ ಇಳಿದಿದ್ದ ಒಬ್ಬ ಸಾಹೇಬ ವಿಲಾಯಿತಿಗೆ ಮರಳುವಾಗ ತನ್ನ ಕ್ಯಾಮೆರಾವನ್ನು ಅಂದಪ್ಪನಿಗೆ ಮಾರಿದ್ದ. ಜೊತೆಗೊಂದು ಪಾಠವನ್ನು ಪುಕ್ಕಟೆಯಾಗಿ ಹೇಳಿಕೊಟ್ಟಿದ್ದ. ಗುಡ್ಡ ಎಷ್ಟು ದೊಡ್ಡದು, ಕಂಬ ಎಷ್ಟು ಎತ್ತರ ಎಂಬುದು ಎಲ್ಲೋ ಬೊಂಬಾಯಿಯಲ್ಲಿ ಕೂತು ನೋಡುವವನಿಗೆ ತಿಳಿಯಬೇಕಾದರೆ, ಅದರ ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಬೇಕು. ಸಾಹೇಬನ ಹತ್ತಿರ ಇದಕ್ಕೆಂದೇ ಒಬ್ಬ ಜವಾನ, ಪಟ್ಟೇವಾಲ, ಇದ್ದ. ಅಂದಪ್ಪನಿಗೆ ಪಟ್ಟೇವಾಲ ಇರಲಿಲ್ಲ. ಹೆಂಡತಿ ಇದ್ದಳು.

ಹೀಗೆ ಇಳಕಲ್ಲಿನ ಗುರಬಸವ್ವನ ಮಗಳು ಸಂಗವ್ವ ಗಂಡನ ಕಲಾಸಾಮ್ರಾಜ್ಯದಲ್ಲಿ ಅಳತೆಗೋಲಾಗಿ ನೇಮಕಗೊಂಡಳು. ಮಹಾಕೂಟದ ಹೊಂಡದ ದಂಡೆಯಲ್ಲಿ ನಿಂತಳು, ಪಟ್ಟದಕಲ್ಲಿನ ಗೋಪುರದ ಬುಡದಲ್ಲಿ ನಿಂತಳು, ಕೋಟೆಯ ಬುರುಜಿನ ಮೇಲೆ ಗಾಳಿಗೆ ಸೆರಗು ಹಿಡಿದುಕೊಂಡು ನಿಂತಳು. ರೊಟ್ಟಿಯ ಗಂಟು ಕಟ್ಟಿಕೊಂಡು ಚಕ್ಕಡಿಯಲ್ಲಿ ಹೋಗುವುದು, ಬಿಸಿಲಲ್ಲಿ ನಿಲ್ಲುವುದು, ಮರಳುವುದು, ಇದೇ ಅವಳ ಯಾತ್ರೆ. ದೇವರ ದರ್ಶನ ಮಾತ್ರ ಆಗುತ್ತಿರಲಿಲ್ಲ, ಯಾಕೆಂದರೆ ಬೆಳಕು ಚೆನ್ನಾಗಿರುವಾಗ ಗುಡಿಯ ಒಳಗೆ ಹೋಗುವುದು ಅಂದಪ್ಪನ ದೃಷ್ಟಿಯಲ್ಲಿ ಪಾಪ.

ಒಮ್ಮೆ ಕೆರೆಯ ದಂಡೆಯಲ್ಲಿ ಅವನು ಕರಿಯ ಬಟ್ಟೆಯೊಳಗೆ ತಲೆ ಹಾಕಿಕೊಂಡು ಕೂಗಿದ, "ಇನ್ನೂ ಹಿಂದಕ ಸರಿ."

"ಇನ್ನ ಹಿಂದಕ ಸರದ್ರ ಕೆರಿಯಾಗ ಬೀಳತೇನ್ರಿ," ಎಂದಳು ಸಂಗವ್ವ.

"ಬೀಳಬ್ಯಾಡ. ನೀರು ಕದಡತೈತಿ."

ಮನೆಗೆ ಬಂದ ಮೇಲೆ ಅವಳು ರೊಟ್ಟಿ ಬಡಿಯಲು ಪರಾತ ಹುಡುಕಿದರೆ ಅದರಲ್ಲಿ ತಸಬೀರು ತೊಳೆಯುವ ಔಷಧದ ನೀರು, ನೀರಿನೊಳಗೆ ಭೂತನಾಥನ ಗುಡಿ. ಒಲೆಯ ಮುಂದೆ ಕೂತು ಅವಳು ಕೇಳಿದಳು, "ಅಲ್ರಿ, ಇಷ್ಟು ತಸಬೀರು ತಗೀತೀರಿ. ಒಂದರಾಗರ ನನ್ನ ಮಾರಿ ಕಾಣೂಹಂಗ ತಗೀಬಾರದೇನು?"

"ಮಾರಿ ತಗಿಯೋದು ಕಸಬು, ಸಂಗವ್ವಾ. ಸೊಲ್ಲಾಪುರದಾಗ ಗಲ್ಲಿಗೊಬ್ಬ ತಗೀತಾನ. ನಂದು ಕಲಾ. ಮಾರಿ ಏನು, ಎಲ್ಲಾರಿಗೂ ಇರತೈತಿ."

"ಎಲ್ಲಾರಿಗೂ ಇರತೈತಿ ಖರೆ. ನನಗೂ ಐತೇನು ಅಂತ ನೋಡಬೇಕಾಗಿತ್ತು."

ಕಲಾವಿದರಿಗೆ ಇಂಥ ಚುಚ್ಚುಮಾತು ತಪ್ಪಿದ್ದಲ್ಲ ಎಂದು ಅಂದಪ್ಪ ಸಮಾಧಾನ ಮಾಡಿಕೊಂಡ.

ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿಲ್ಲದಿದ್ದ ಸಂಗವ್ವ ಆ ವರ್ಷ ಬಸುರಿಯಾದಳು. ಚೊಚ್ಚಲು ಬಾಣಂತನಕ್ಕೆ ತವರಿಗೆ ಹೋಗಬೇಕಾದದ್ದು ಪದ್ಧತಿ. ಆದರೆ ಇಳಕಲ್ಲಿನಲ್ಲಿ ಗುರಬಸವ್ವ ಹಾಸಿಗೆ ಹಿಡಿದಿದ್ದಳು. ಬಲಗೈ ಬಲಗಾಲು ಬಿದ್ದುಹೋಗಿ, ಕಣ್ಣಿಗೂ ಪೊರೆ ಬಂದಿತ್ತು. ಸಂಗವ್ವನ ತಮ್ಮ ಮಗ್ಗ ಬಿಟ್ಟು ತಾಯಿಯನ್ನು ನೋಡಿಕೊಳ್ಳುವುದೇ ದೊಡ್ಡದು. ಅದಕ್ಕೆ ಕಲಾದಗಿಯಿಂದ ಅಂದಪ್ಪನ ದೊಡ್ಡವ್ವ ಬಾಣಂತನ ಮಾಡಲು ಬಾದಾಮಿಗೇ ಬಂದಿಳಿದಳು. ಬಂದವಳು ಮೊದಲು ಮಾಡಿದ ಕೆಲಸವೆಂದರೆ ಪರಾತವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತನ್ನ ತಲೆದೆಸೆಯಲ್ಲಿ ಇಟ್ಟುಕೊಂಡದ್ದು.

ಮಳೆಗಾಲ ಸುರುವಾಯಿತು. ತಾಯಿಯ ಸುದ್ದಿ ಚೆನ್ನಾಗಿರಲಿಲ್ಲ. ಮಲಪ್ರಭೆ ದಂಡೆ ಮೀರಿ ಹರಿಯುತ್ತಿದ್ದಳು. ಆಚೆ ದಡಕ್ಕೆ ಹರಿಗೋಲಿನಲ್ಲಿ ಹೋಗಬೇಕು, ದಿನ ತುಂಬುತ್ತಿದ್ದ ಬಸುರಿಯನ್ನು ಅದರಲ್ಲಿ ಕೂರಿಸುವ ಧೈರ್ಯ ಯಾರಿಗೂ ಇರಲಿಲ್ಲ.

"ಹೋಗೂದಂತೂ ಆಗೂದಿಲ್ಲ," ಎಂದು ಸಂಗವ್ವ ಒಂದು ಬೆಳಿಗ್ಗೆ ಗಂಡನಿಗೆ ಹೇಳಿದಳು. "ನಿಮ್ಮ ತಸಬೀರು ತಗಿಯೂ ಗಾಜು ಎಷ್ಟ ಉಳದಾವು?"

"ಒಂದ ಉಳದೈತಿ. ಬೊಂಬಾಯಿಗೆ ಬರದೇನಿ. ಈ ಮಳಿಯಾಗ ಯಾವಾಗ ಬರತಾವೋ."

"ಅದನ್ನ ಇಡ್ರಿ. ಒಂದೀಟು ಬಿಸಲು ಬಿದ್ದಕೂಡಲೆ ನನ್ನ ಮಾರಿ ತಗದು ಅವ್ವಗ ಕಳಸೂಣು. ಹೊಟ್ಟ್ಯಾಗ ಕೂಸು ಇದ್ದಾಗಿನ ನನ್ನ ಮಾರಿ ನೋಡಬೇಕಂತ ಆಕಿಗೆ ಭಾಳ ಆಸೆ."

"ಆತು," ಎಂದ ಅಂದಪ್ಪ. ಮನಸಾರೆ ಹೇಳಿದ. ಅವನು ಕೆಟ್ಟವನಲ್ಲ.

ಆದರೆ ಬಾದಾಮಿಯಲ್ಲಿ ದೊಡ್ಡ ಮಳೆ ಬಿದ್ದಾಗ ಗುಡ್ಡದ ನೆತ್ತಿಯಿಂದ ಎರಡು ಜೋಗಗಳು ಒಂದರ ಪಕ್ಕ ಒಂದು ಧುಮುಕುತ್ತವೆ. ಅಕ್ಕತಂಗಿ ಎಂದು ಜನ ಅವನ್ನು ಕರೆಯುತ್ತಾರೆ. ಆ ವರ್ಷದ ಮಳೆಗೆ ಅವು ಹಿಂದೆಂದೂ ಕಾಣದಷ್ಟು ದಪ್ಪವಾಗಿ ಬಿದ್ದವು. ಮಳೆ ನಿಂತು ಮೋಡ ಒಡೆದು, ಒಂದು ಗಳಿಗೆ ಮಾತ್ರ ಬೆಳಕು ಬಂತು. ಅಂದಪ್ಪ ಅಂಗಡಿಯಿಂದ ಎದ್ದ. ಮನೆಗೆ ಹೋಗಿ ಸಂಗವ್ವನನ್ನು ಅಂಗಳದಲ್ಲಿ ಕೂರಿಸಬೇಕೆಂದೇ ಎದ್ದ. ಮನೆಗೆ ಹೋದ, ಪೆಟ್ಟಿಗೆ ತೆಗೆದುಕೊಂಡ, ಸಂಗವ್ವ ಮಲಗಿದ್ದಳು. ಮಲಗಿದವಳನ್ನು ಯಾಕೆ ಎಬ್ಬಿಸಬೇಕು ಎನ್ನಿಸಿತು. ಅಷ್ಟರಲ್ಲಿ ಅವನ ಕಾಲುಗಳು ಜೋಗದ ದಾರಿ ಹಿಡಿದಿದ್ದವು.

ತೊಯ್ದು ತೊಪ್ಪೆಯಾಗಿ, ಮುಖ ಅರಳಿಸಿಕೊಂಡು ತಿರುಗಿ ಬಂದ. "ಇಂಥಾ ತಸಬೀರು ಜನ್ಮಕ್ಕ ಒಮ್ಮೆ ಸಿಗತೈತಿ," ಎಂದು ಬಾಗಿಲಲ್ಲೇ ಹೇಳಿದ.

ಸಂಗವ್ವ ಪಡಸಾಲೆಯಲ್ಲಿ ಕೂತಿದ್ದಳು. ತಲೆ ಬಾಚಿಕೊಂಡು, ಟೋಪ ತೆನೆಯ ಸೆರಗಿನ ಇಳಕಲ್ಲ ಸೀರೆ ಉಟ್ಟುಕೊಂಡಿದ್ದಳು. ಬೆಳಕು ಬಿದ್ದದ್ದು ನೋಡಿ ತಾನೇ ಎದ್ದು ತಯಾರಾಗಿದ್ದಳು. "ಗಾಜು?" ಎಂದು ಕೇಳಿದಳು.

ಅಂದಪ್ಪ ಮುಕ್ಕಾಲಿಯ ನೀರು ಒರೆಸತೊಡಗಿದ. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದ.

ಅದೇ ಸಂಜೆ ಯಾಕೂಬಸಾಬ ಬಂದ. ಇಳಕಲ್ಲಿನಿಂದ ಸೀರೆ ತಂದುಕೊಡುವವನು, ಗುರಬಸವ್ವನ ಓಣಿಯವನೇ. ಹರಿಗೋಲಿನಲ್ಲಿ ಹೊಳೆ ದಾಟಿ, ಸೀರೆಯ ಗಂಟನ್ನು ತಲೆಯ ಮೇಲೆ ಹೊತ್ತು ಬಂದಿದ್ದ. ಕಾಲು ತೊಳೆದುಕೊಂಡು ಕೂತವನು ಸಂಗವ್ವನ ಕಡೆ ತಿರುಗಿ ಮೆಲ್ಲಗೆ ಹೇಳಿದ.

"ತಂಗೀ, ನಿಮ್ಮವ್ವ ಒಂದು ಮಾತು ಹೇಳಿ ಕಳಿಸ್ಯಾಳ. ಆಕಿಗೆ ಬರಾಕ ಆಗೂದಿಲ್ಲ, ನನಗ ಹೋಗಾಕ ಆಗೂದಿಲ್ಲ, ಅಳ್ಯಾನ ಕೈಯಾಗ ಮಾರಿ ಹಿಡಿಯೂ ಪೆಟಗಿ ಐತಲ್ಲ, ಮಗಳ ತಸಬೀರು ಮನಿತುಂಬ ಇರತಾವ, ಒಂದು ಇಸಗೊಂಡು ಬಾ ಅಂದ್ಲು. ನಾ ಮುಂಜಾನೆದ್ದು ಹೊಂಡತೇನಿ."

ಮನೆ ತುಂಬ ತಸಬೀರುಗಳಿದ್ದದ್ದು ನಿಜ. ಯಾಕೂಬಸಾಬ ಉಂಡು ಕಟ್ಟೆಯ ಮೇಲೆ ಅಡ್ಡಾದ ಮೇಲೆ ಗಂಡಹೆಂಡತಿ ಕಂದೀಲಿನ ಮುಂದೆ ಕೂತು ಎಲ್ಲವನ್ನೂ ಹರಡಿದರು. ದೊಡ್ಡವ್ವ ಪಕ್ಕದಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಂದಪ್ಪನ ಕೈಯಲ್ಲಿ ಭೂತಗನ್ನಡಿ.

"ಇದು ಮಹಾಕೂಟ," ಎಂದ.

"ಛತ್ರಿ ಐತಿ. ನಾ ಎಲ್ಲಿದ್ದೇನಿ?"

"ಛತ್ರಿ ಕೆಳಗ."

"ಪಟ್ಟದಕಲ್ಲಿಂದು ತೋರಸ್ರಿ."

"ಅದರಾಗ ಬೆನ್ನ ಭಾಳ ಛಲೋ ಬಂದೈತಿ."

"ಬೆನ್ನ ಕಳಸಿದ್ರ ಅವ್ವ ಏನಂದಾಳು? ಸಿಟ್ಟಿಗೆದ್ದು ಹೊಂಟಾಳ ಅಂದಾಳು. ಇದರಾಗ?"

"ಇದರಾಗ ನೀ ಕಂಬದ ಹಿಂದ ಇದ್ದಿ. ನೆರಳಿಗೆ ಹೋಗಿ ನಿಂತಿದ್ದಿ, ನಾ ಬ್ಯಾಡ ಅಂದ್ರೂ."

ಭೂತನಾಥನ ಗುಡಿಯ ತಸಬೀರಿನಲ್ಲಿ ಒಂದು ಮುಖ ಬಲು ಸ್ಪಷ್ಟವಾಗಿ ಬಂದಿತ್ತು. ಹುಬ್ಬಿನ ಕೂದಲನ್ನು ಎಣಿಸಬಹುದಿತ್ತು, ಕಣ್ಣಿನಲ್ಲಿ ಭಾವ ಇತ್ತು. ಅದು ಕೊನೆಯ ಗಳಿಗೆಯಲ್ಲಿ ಕ್ಯಾಮೆರಾದ ಮುಂದೆ ಬಂದು ಕೂತ ಒಂದು ಮಂಗನ ಮುಖ. ಅದರ ಕಿವಿಯ ಹಿಂದೆ, ಬಹು ದೂರದಲ್ಲಿ, ಸಂಗವ್ವ.

ಸಂಗವ್ವನಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ದೊಡ್ಡವ್ವನೂ ನಕ್ಕಳು. ಅಂದಪ್ಪನೂ ಬದುಕಿದೆಯಾ ಬಡಜೀವ ಎಂದು ನಗಲು ಬಾಯಿ ತೆರೆದ. ಅಷ್ಟರಲ್ಲಿ ಅವಳ ನಗು ನಿಂತಿತ್ತು.

"ಒಂದೂ ಇಲ್ಲಲ್ರಿ," ಎಂದಳು.

ಕೊನೆಗೆ ಸಿಕ್ಕಿದ್ದು ಕೆರೆಯ ಪಾವಟಿಗೆಯ ಒಂದು ತಸಬೀರು. ಬಿಸಿಲು ತಾಳಲಾರೆ ಎಂದು ಹೇಳಲು ಅವಳು ಅದರಲ್ಲಿ ಕ್ಯಾಮೆರಾದ ಕಡೆ ತಿರುಗಿಬಿಟ್ಟಿದ್ದಳು. ಆ ತಪ್ಪಿಗೆ ಅವತ್ತು ಬೈಸಿಕೊಂಡಿದ್ದಳು. ಮೇಲೆ ಗುಡ್ಡ, ಕೆಳಗೆ ನೀರು, ನಡುವೆ ಅವಳು. ದೊಡ್ಡವ್ವ ಮೊರದಿಂದ ಒಂದು ಜೋಳದ ಕಾಳು ತೆಗೆದು ಅದರ ಪಕ್ಕಕ್ಕಿಟ್ಟು ನೋಡಿದಳು. "ಕಾಳು ಒಂದೀಟು ದೊಡ್ಡದಾತು," ಎಂದಳು.

ಬೆಳಿಗ್ಗೆ ಅದನ್ನೇ ಮೇಣಗಪ್ಪಡದಲ್ಲಿ ಸುತ್ತಿ, ಭೂತಗನ್ನಡಿಯನ್ನೂ ಜೊತೆಗಿಟ್ಟು ಯಾಕೂಬಸಾಬನ ಕೈಗೆ ಕೊಟ್ಟರು.

"ಎಲ್ಲಿ ಐತಿ ಅಂತ ಬೆರಳು ಇಟ್ಟು ತೋರಸರಿ," ಎಂದಳು ಸಂಗವ್ವ. "ಅವ್ವಗ ತಿಳಿಯಂಗಿಲ್ಲ."

ಮಳೆ ಹಿಂದೆ ಸರಿಯುವ ಹೊತ್ತಿಗೆ ಸಂಗವ್ವ ಹೆಣ್ಣು ಹಡೆದಳು. ಸುಖವಾಗಿ ಆಯಿತು. ಅಂದಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ. ಹೊಳೆ ಇಳಿದ ಸುದ್ದಿ ಬಂದು, ಇಳಕಲ್ಲಿಗೆ ಹೇಳಿಕಳಿಸಬೇಕು ಎನ್ನುವಷ್ಟರಲ್ಲಿ ಯಾಕೂಬಸಾಬನೇ ಅಂಗಡಿಯ ಮುಂದೆ ನಿಂತಿದ್ದ. ಹೆಗಲ ಮೇಲೆ ಗಂಟಿರಲಿಲ್ಲ.

"ಮನಿಗೆ ಹೋಗಲಿಲ್ಲ ಸಾವಕಾರ್ರ. ಮೊದಲ ಇಲ್ಲಿಗೆ ಬಂದೆ," ಎಂದ. "ನಿಮ್ಮ ಅತ್ತಿ ಹೋದರು."

ಅಂದಪ್ಪ ಬಿಚ್ಚಿದ ಸೀರೆಯನ್ನು ಸುಮ್ಮನೆ ಮಡಚಿದ. ಮತ್ತೆ ಬಿಚ್ಚಿದ. "ತಸಬೀರು ಮುಟ್ಟಿತ್ತೇನು?" ಎಂದು ಕೇಳಿದ. ಯಾಕೆ ಅದನ್ನೇ ಕೇಳಿದನೋ ಅವನಿಗೇ ತಿಳಿಯಲಿಲ್ಲ.

"ಮುಟ್ಟಿತು. ಹಾಸಿಗಿ ಮ್ಯಾಲೆ ಎತ್ತಿ ಕುಂದರಿಸಿದಿವಿ. ಭೂತಗನ್ನಡಿ ಕಣ್ಣಿಗೆ ಹಿಡದೆ. ಇದು ಗುಡ್ಡ ಅಂದ್ರು. ಇದು ನೀರು ಅಂದ್ರು. ನನ್ನ ಕೂಸೆಲ್ಲಿ ಅಂದ್ರು. ನಾ ಬೆರಳಿಟ್ಟು ತೋರಸಿದೆ. ಬೆರಳಿನ ಕೆಳಗ ಮುಚ್ಚೇ ಹೋತು ಸಾವಕಾರ್ರ, ತಗದೆ. ಆಮ್ಯಾಲ ಮಗಳು ಕಂಡ್ಲು. ಭಾಳ ಹೊತ್ತು ನೋಡಿದ್ರು. ಯಾಕೂಬಾ, ಅಷ್ಟು ದೂರ ಯಾಕ ನಿಂದರಿಸ್ಯಾರ ಆಕಿನ್ನ, ಈಕಡೆ ಬಾ ಅನ್ನು ಅಂದ್ರು."

ಯಾಕೂಬಸಾಬ ಟೊಪ್ಪಿಗೆ ತೆಗೆದು ತಲೆ ಸವರಿಕೊಂಡ.

"ನಾ ಏನನ್ನಲಿ? ಬರತಾಳಬೇ, ಬರಾಕ ಹತ್ಯಾಳ ಅಂದೆ. ಅದ ಅವರ ತಲಿಯಾಗ ಕುಂತುಬಿಟ್ಟಿತು. ದಿನಾ ಮುಂಜಾನೆದ್ದು ಗಾಜು ಇಸಗೊಂಡು ನೋಡಾವರು. ಇವತ್ತ ಒಂದೀಟು ಸನೇಕ ಬಂದಾಳ ಅನ್ನಾವರು. ನಿನ್ನಿಕಿಂತ ಮಾರಿ ಕಾಣತೈತಿ ಅನ್ನಾವರು. ಬಿಸಲಾಗ ನಡದು ಬರತಾಳ, ಕಾಲಿಗೆ ನೀರು ಇಡ್ರಿ ಅಂತ ಸೊಸಿಗೆ ಹೇಳಾವರು. ಕಡೀ ದಿನ, ಬಾಗಲಕ್ಕ ಬಂದಾಳ, ತಗೀರಿ ಅಂದ್ರು. ತಗದಿವಿ."

ಆಮೇಲೆ ಯಾಕೂಬಸಾಬ ಜೇಬಿನಿಂದ ಭೂತಗನ್ನಡಿ ತೆಗೆದು ಗಾದಿಯ ಮೇಲಿಟ್ಟ. ತಸಬೀರನ್ನು ಗುರಬಸವ್ವನ ಕೈಯಲ್ಲೇ ಇಟ್ಟು ಮಣ್ಣು ಮಾಡಿದ್ದರು.

ದೊಡ್ಡವ್ವ ಸುದ್ದಿ ಕೇಳಿ ಬಾಯಿಗೆ ಸೆರಗು ಒತ್ತಿಕೊಂಡಳು. ನಂತರ ಅಪ್ಪಣೆ ಮಾಡಿದಳು, "ಹಸಿ ಬಾಣಂತಿ ಅದಾಳ. ಎದ್ದು ಓಡ್ಯಾಡೂತನಕ ಹೇಳಬ್ಯಾಡ. ಮಾರಿ ಮ್ಯಾಲೆ ತೋರಗೊಡಬ್ಯಾಡ."

ಮುಖದ ಮೇಲೆ ತೋರಗೊಡದೆ ಇರುವ ವಿದ್ಯೆ ಅಂದಪ್ಪನಿಗೆ ಬರುತ್ತಿರಲಿಲ್ಲ. ಬಾಣಂತಿಯ ಕೋಣೆಯ ಹೊಸ್ತಿಲಲ್ಲಿ ನಿಂತು, "ಯಾಕೂಬಸಾಬ ಬಂದಿದ್ದ. ನಿಮ್ಮವ್ವಗ ತಸಬೀರು ಭಾಳ ಪಸಂದ ಆತಂತ," ಎಂದ.

"ಏನಂದ್ಲಂತ?"

"ಗುಡ್ಡ ಛಲೋ ಬಂದೈತಿ ಅಂದ್ಲಂತ."

ಸಂಗವ್ವ ಅವನನ್ನೇ ನೋಡಿದಳು.

ಅಂದಿನಿಂದ ಅಂದಪ್ಪ ಮಾದರಿ ಗಂಡನಾದ. ಕೂಸಿಗೆ ಗುರಬಸವ್ವ ಎಂದು ಹೆಸರಿಡೋಣವೆಂದು ಅವಳು ಅಂದರೆ ಆಗಲಿ ಎಂದ. ಪರಾತ ಇನ್ನು ರೊಟ್ಟಿಗಷ್ಟೇ ಎಂದರೆ ಹೌದೆಂದ. ತಸಬೀರು ತೊಳೆಯಲು ಕತ್ತಲೆಕೋಣೆ ಮಾಡಿಕೊಂಡಿದ್ದ ಉಗ್ರಾಣದಲ್ಲಿ ಕಾಳು ತುಂಬಿಸಬೇಕೆಂದರೆ ಅದೂ ಖರೆ ಎಂದ. (ಮದುವೆಯಾದ ದಿನದಿಂದ ಆ ಮನೆಯಲ್ಲಿ ವಾದವಿಲ್ಲದೆ ಒಂದು ಬಿಂದಿಗೆಯೂ ಜಾಗ ಬಿಟ್ಟು ಕದಲಿರಲಿಲ್ಲ.) ಸಂಗವ್ವ ಪರೀಕ್ಷೆಗೆಂದು, ನಿಮ್ಮ ಜೋಗದ ತಸಬೀರು ಅಷ್ಟೇನೂ ಛಲೋ ಬಂದಿಲ್ಲ ಎಂದಳು.

"ಹೌದು," ಎಂದ ಅಂದಪ್ಪ. "ಛಲೋ ಬಂದಿಲ್ಲ."

ಅವಳು ಕೂಸನ್ನು ತೊಡೆಯಿಂದ ತೆಗೆದು ತೊಟ್ಟಿಲಲ್ಲಿ ಮಲಗಿಸಿದಳು. ಗೋಡೆಗೆ ಒರಗಿ ಕೂತಳು.

"ನೀವು ಇಷ್ಟು ಛಲೋ ಮನಶ್ಯಾ ಅಲ್ಲ," ಎಂದಳು. "ಅವ್ವ ಹೋದಳೇನು?"

ಅಂದಪ್ಪ ಹೊಸ್ತಿಲ ಮೇಲೆಯೇ ಕೂತ.

"ದೊಡ್ಡವ್ವ ಹೇಳಬ್ಯಾಡ ಅಂದಾಳೇನು?"

ತಲೆ ಆಡಿಸಿದ.

"ನನಗ ತಿಳದಿತ್ತು. ನೀವಾಗೇ ಹೇಳ್ತೀರೇನು ಅಂತ ನೋಡಾಕ ಹತ್ತಿದ್ದೆ. ಈಗ ಹೇಳ್ರಿ. ಆಕಿ ಏನಂದ್ಲು ಎಲ್ಲಾ ಹೇಳ್ರಿ. ಗುಡ್ಡದ ಸುದ್ದಿ ಬ್ಯಾಡ."

ಅಂದಪ್ಪ ಹೇಳಿದ. ಯಾಕೂಬಸಾಬ ಹೇಳಿದಂತೆಯೇ, ಒಂದು ಮಾತು ಬಿಡದೆ ಹೇಳಿದ. ಬೆರಳು ಇಟ್ಟದ್ದು, ತೆಗೆದದ್ದು, ದಿನಾಲು ಸನೇಕ ಬಂದದ್ದು, ಕಾಲಿಗೆ ನೀರು ಇಟ್ಟದ್ದು. ಬಾಗಿಲು ತೆಗೆದದ್ದನ್ನೂ ಹೇಳಿದ. ಸಂಗವ್ವ ಅಳಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ಜೋಗ ನೋಡಾಕ ಹೋದಾಗ ನಾ ಮಲಗಿರಲಿಲ್ಲ," ಎಂದಳು ಕೊನೆಗೆ. "ಕಣ್ಣು ಮುಚ್ಚಿದ್ದೆ, ಅಷ್ಟ. ಎಬ್ಬಸ್ತೀರಿ ಅಂತ."

ಚಳಿಗಾಲದಲ್ಲಿ ಬೊಂಬಾಯಿಯ ಗಾಜುಗಳು ರೈಲಿನಲ್ಲಿ ಬಂದವು. ಅಂದಪ್ಪ ಪೆಟ್ಟಿಗೆಯನ್ನು ಸ್ಟೇಶನ್ನಿನಿಂದ ತಾನೇ ಹೊತ್ತುಕೊಂಡು ಬಂದ. ಊರ ಸುತ್ತ ಬೆಳಕು ಬಂಗಾರದಂತಿತ್ತು, ಗುಡ್ಡಗಳು ಮಳೆಗೆ ತೊಳೆದು ಇಟ್ಟಂತಿದ್ದವು. ಅವನು ಅತ್ತ ತಿರುಗಿ ನೋಡಲಿಲ್ಲ. ಹಿತ್ತಲಲ್ಲಿ ಕಂಬಳಿ ಹಾಸಿದ. ಸಂಗವ್ವನ ಮುಂದೆ ನಿಂತು, ಬೇಡುವವನ ಹಾಗೆ, "ಬಾ. ಇವತ್ತ ನಿನ್ನ ಮಾರಿ ತಗೀತೇನಿ," ಎಂದ.

"ಯಾರಿಗೆ ಕಳಸಾಕ್ರಿ?" ಎಂದಳು ಅವಳು.

ಆದರೂ ಅವಳು ಬಂದಳು. ಕೂಸನ್ನು ಎತ್ತಿಕೊಂಡು ಕಂಬಳಿಯ ಮೇಲೆ ಕೂತಳು.

ಅವನು ಮುಕ್ಕಾಲಿಯನ್ನು ಹತ್ತಿರ ತಂದ. ಸಾಲದೆಂದು ಇನ್ನೂ ಹತ್ತಿರ ತಂದ. ಕರಿಯ ಬಟ್ಟೆ ಹೊದ್ದು ಒಳಗೆ ನೋಡಿದ. ಆ ಕ್ಯಾಮೆರಾದ ಹಿಂಬದಿಯ ಮಸುಕು ಗಾಜಿನಲ್ಲಿ ಜಗತ್ತೆಲ್ಲ ತಲೆಕೆಳಗಾಗಿ ಕಾಣುವುದು. ಗುಡ್ಡ ತಲೆಕೆಳಗಾದರೂ ಗುಡ್ಡವೇ. ಅದಕ್ಕೆ ಅವನಿಗೆ ಇಷ್ಟು ವರ್ಷ ಏನೂ ಅನ್ನಿಸಿರಲಿಲ್ಲ. ಈಗ ಗಾಜಿನ ತುಂಬ ಒಂದು ಮುಖ ಇತ್ತು. ಎಡಗಡೆಯ ಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗೆರೆ ಇತ್ತು, ಅದು ಎಂದು ಆದದ್ದೋ ಅವನು ಕೇಳಿರಲಿಲ್ಲ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ನೋಡನೋಡುತ್ತಿರುವಾಗ ಕಣ್ಣಿನಿಂದ ಒಂದು ಹನಿ ಹೊರಟು ಗಲ್ಲದ ಮೇಲೆ ಹರಿಯಿತು. ಗಾಜಿನಲ್ಲಿ ಅದು ಮೇಲಕ್ಕೆ ಹರಿಯುತ್ತಿತ್ತು.

ಅಲ್ಲಾಡಬೇಡ ಎಂದು ಹೇಳಬೇಕಾದ ಹೊತ್ತು ಅದು. ಅಂದಪ್ಪ ಬಟ್ಟೆಯಿಂದ ತಲೆ ಹೊರಗೆ ತೆಗೆದ. ಅವಳನ್ನು ತಲೆಕೆಳಗಾಗಿ ಅಲ್ಲ, ನೆಟ್ಟಗೆ, ಇದ್ದ ಹಾಗೆ ನೋಡಿದ. ಕೈಯಲ್ಲಿದ್ದ ಗಾಜಿನ ಚೌಕಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಕಟ್ಟೆಯ ಮೇಲಿಟ್ಟ.

"ಇಲ್ಲಿ ಬಂದು ಕುಂದರ್ರಿ," ಎಂದಳು ಸಂಗವ್ವ.

ಹೋಗಿ ಪಕ್ಕದಲ್ಲಿ ಕೂತ. ಕೂಸು ಅವನ ಬೆರಳು ಹಿಡಿದುಕೊಂಡು ಬಾಯಿಗೆ ಒಯ್ದಿತು. ಬೆರಳಿಗೆ ಔಷಧದ ವಾಸನೆ ಇತ್ತೇನೋ, ಮುಖ ಕಿವುಚಿ ಬಿಟ್ಟಿತು.

ದೊಡ್ಡವ್ವ ಹಿತ್ತಲ ಬಾಗಿಲಿಗೆ ಬಂದಳು. ಮೂರೂ ಜನ ಕ್ಯಾಮೆರಾದ ಮುಂದೆ ಸಾಲಾಗಿ ಕೂತಿದ್ದರು. ಕ್ಯಾಮೆರಾದ ಹಿಂದೆ ಯಾರೂ ಇರಲಿಲ್ಲ, ಕರಿಯ ಬಟ್ಟೆ ಗಾಳಿಗೆ ಅಲ್ಲಾಡುತ್ತಿತ್ತು.

"ಮತ್ತ, ತಗಿಯಾಂವ ಯಾರು?" ಎಂದು ಕೇಳಿದಳು.

ಅಂದಪ್ಪ ಸಂಗವ್ವನ ಮುಖ ನೋಡಿದ.

"ಯಾರೂ ಬ್ಯಾಡ, ದೊಡ್ಡವ್ವಾ," ಎಂದಳು ಸಂಗವ್ವ. "ಹಿಂಗ ಒಂದೀಟು ಹೊತ್ತು ಕುಂದರತೇವಿ."